ಕೆಂಪು ದೀಪ ಉರಿದರೆ ಗಾಡಿ ನಿಲ್ಲಲಿ



ಮುಂಜಾನೆ ಲೈನು ಮನೆಗಳ ಮುಂದೆ ಬಂದು ನಿಲ್ಲುವ ಜೀಪನ್ನು ಹತ್ತುವಾಗ ನಮ್ಮಲ್ಲಿ ಎಷ್ಟು ಮಂದಿ ಡ್ರೈವರನ ಮುಂದಿರುವ ಮೀಟರು ಹಲಗೆಯ ಕಡೆಗೆ ಕಣ್ಣು ಹಾಯಿಸುತ್ತೇವೆ? ಕೂರಲು ಜಾಗ ಸಿಕ್ಕೀತೇ, ಹಾಜರಿ ಕೂಗುವ ಹೊತ್ತಿಗೆ ತಲಪೇವೇ ಎಂಬುದೇ ಆಗಿನ ಚಿಂತೆ. ಆದರೆ ಸ್ಟೇರಿಂಗಿನ ಹಿಂದೆ ಇರುವ ಆ ಪುಟ್ಟ ದೀಪಗಳು ನಮ್ಮೆಲ್ಲರ ಪ್ರಾಣಕ್ಕೆ ಸಂಬಂಧಿಸಿದ ಸುದ್ದಿಯನ್ನು ಹೇಳುತ್ತಿರುತ್ತವೆ. ಸುದ್ದಿ ಹತ್ತಾರು ಜನರದ್ದು, ಅದನ್ನು ಕಾಣುವವನು ಮಾತ್ರ ಒಬ್ಬನೇ. ಕಂಡವನು ಗಾಡಿಯನ್ನು ನಿಲ್ಲಿಸುತ್ತಾನೆಯೇ ಎಂಬುದು ಅವನ ಜಾಣತನವೊಂದರಿಂದಲೇ ತೀರ್ಮಾನವಾಗುವುದಿಲ್ಲ. ನಿಲ್ಲಿಸಿದರೆ ಅವನಿಗೆ ಏನಾಗುತ್ತದೆ ಎಂಬುದರಿಂದಲೂ ತೀರ್ಮಾನವಾಗುತ್ತದೆ. ಈ ಮಾತನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

೨೦೨೩ರ ಆಗಸ್ಟ್ ೨೫ರಂದು ವಯನಾಡಿನ ಮಾನಂತವಾಡಿ ತಾಲ್ಲೂಕಿನ ತಲಪ್ಪುಳದ ಸಮೀಪ, ತೋಟದ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಮಹಿಳೆಯರಿದ್ದ ಜೀಪು ಕಮರಿಗೆ ಉರುಳಿ ೯ ಮಂದಿ ಮಹಿಳಾ ಕಾರ್ಮಿಕರು ತೀರಿಕೊಂಡರು. ಆ ಅಪಘಾತದ ಕಾರಣವನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ತೋಟದ ಗಾಡಿಯೊಂದು ದಾರಿ ತಪ್ಪಿದರೆ ಬೀಳುವುದು ಒಂದು ಮನೆಯ ಕಂಬವಲ್ಲ, ಇಡೀ ಸಾಲಿನ ಮನೆಗಳ ಕಂಬಗಳು ಎಂಬುದನ್ನು ಆ ಸಂಜೆ ಎಲ್ಲರಿಗೂ ತೋರಿಸಿಕೊಟ್ಟಿತು. ಆದುದರಿಂದ ಗಾಡಿಯ ಸ್ಥಿತಿಗತಿಯನ್ನು ಡ್ರೈವರನ, ಇಲ್ಲವೇ ಮಾಲೀಕನ ಸ್ವಂತ ವಿಷಯವೆಂದು ಬಿಟ್ಟುಬಿಡುವ ಹಾಗಿಲ್ಲ.

ಬಣ್ಣಗಳ ಭಾಷೆ

ಈ ದೀಪಗಳನ್ನು ಓದಲು ಇಂಗ್ಲಿಷ್ ಬೇಕಾಗಿಲ್ಲ, ಶಾಲೆಯ ಮೆಟ್ಟಿಲು ಹತ್ತಿರಬೇಕಾಗಿಯೂ ಇಲ್ಲ. ಅವುಗಳ ಚಿತ್ರಗಳನ್ನು ಐ.ಎಸ್.ಒ. ೨೫೭೫ ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಗೊತ್ತುಪಡಿಸಲಾಗಿದೆ. ಕನ್ನಡ, ತಮಿಳು, ಮಲಯಾಳ, ಬಡಗ ಎಂದು ನಾಲ್ಕು ಮಾತು ಆಡುವ ನಮ್ಮ ಬೆಟ್ಟಗಳಲ್ಲಿ ಎಲ್ಲರಿಗೂ ಒಂದೇ ಆಗಿರುವ ಲಿಪಿ ಇದು. ಬಣ್ಣವನ್ನು ಮೊದಲು ನೋಡಬೇಕು, ಚಿತ್ರವನ್ನು ಆಮೇಲೆ. ಹಸಿರು ಮತ್ತು ನೀಲಿ ಕೇವಲ ತಿಳಿವಳಿಕೆಗಾಗಿ. ಇಂಡಿಕೇಟರ್ ಹಾಕಿದೆ, ಮುಂದಿನ ದೀಪ ಹೈಬೀಮಿನಲ್ಲಿದೆ ಎಂದಷ್ಟೇ ಅರ್ಥ. ಹಳದಿ ಎಂದರೆ ದೋಷವಿದೆ, ಜಾಗ್ರತೆಯಿಂದ ಓಡಿಸು, ತಡಮಾಡದೆ ತೋರಿಸು ಎಂದು ಅರ್ಥ. ಕೆಂಪು ಎಂದರೆ ಅಪಾಯ. ಸುರಕ್ಷಿತವಾದ ಸ್ಥಳ ಸಿಕ್ಕಿದ ಕೂಡಲೆ ನಿಲ್ಲಿಸು.

ಇನ್ನೊಂದು ಮುಖ್ಯವಾದ ಪರೀಕ್ಷೆಯಿದೆ. ಕೀಲಿಯನ್ನು ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಈ ಎಚ್ಚರಿಕೆಯ ದೀಪಗಳು ಒಮ್ಮೆ ಉರಿಯಬೇಕು. ಕೆಲವು ಕ್ಷಣಗಳಲ್ಲಿ, ಇಲ್ಲವೇ ಎಂಜಿನ್ ಓಡತೊಡಗಿದ ಮೇಲೆ ಆರಬೇಕು. ದೀಪ ತಾನು ಕೆಟ್ಟಿಲ್ಲವೆಂದು ಪ್ರತಿದಿನ ಬೆಳಿಗ್ಗೆ ಕೊಡುವ ಹಾಜರಿ ಅದು. ಉರಿಯಬೇಕಾದಾಗ ಉರಿಯದ ದೀಪವು ಉರಿಯುತ್ತಲೇ ಇರುವ ದೀಪಕ್ಕಿಂತಲೂ ಹೆಚ್ಚು ಅಪಾಯಕಾರಿ. ಏಕೆಂದರೆ ಕೆಲವರು ಬಲ್ಬನ್ನು ಕಿತ್ತುಹಾಕಿ, ವೈರನ್ನು ಬಿಚ್ಚಿ, ಕಪ್ಪು ಟೇಪು ಅಂಟಿಸಿ ದೀಪದ ಬಾಯಿ ಮುಚ್ಚಿಸುತ್ತಾರೆ. ಹಳೆಯ ಜೀಪನ್ನೋ ಪಿಕಪ್ಪನ್ನೋ ಕೊಳ್ಳಲು ಹೋಗುವ ನಮ್ಮ ಮಕ್ಕಳು ಮೊದಲು ಈ ಪರೀಕ್ಷೆಯನ್ನು ಮಾಡಲಿ.

ನಾಲ್ಕು ಕೆಂಪು ದೀಪಗಳು

ಮೊದಲನೆಯದು ಎಣ್ಣೆಯ ಗಿಂಡಿಯ ಚಿತ್ರ. ಆಯಿಲ್ ಕಡಿಮೆಯಾಗಿದೆ, ಸಂಜೆ ಹಾಕಿದರಾಯಿತು ಎಂದು ಇದನ್ನು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ. ಈ ಕೆಂಪು ದೀಪ ಹೇಳುವುದು ಆಯಿಲಿನ ಅಳತೆಯನ್ನಲ್ಲ, ಒತ್ತಡವನ್ನು. ಒತ್ತಡ ಬಿದ್ದುಹೋದರೆ ಎಂಜಿನ್ನಿನೊಳಗೆ ಲೋಹಕ್ಕೆ ಲೋಹ ಉಜ್ಜುತ್ತದೆ; ಕೆಲವೇ ನಿಮಿಷಗಳಲ್ಲಿ ಬೇರಿಂಗುಗಳು ಹೋಗಿ ಎಂಜಿನ್ ಕಚ್ಚಿಕೊಳ್ಳಬಹುದು. ಆದುದರಿಂದ ಕೂಡಲೆ ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು. ಸಮತಟ್ಟಾದ ನೆಲದಲ್ಲಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು, ಒರೆಸಿ, ಮತ್ತೆ ಇಟ್ಟು ತೆಗೆದು ನೋಡಬೇಕು. ಆಯಿಲ್ ಕಡಿಮೆಯಿದ್ದರೆ ಹಾಕಿ ನೋಡಬಹುದು. ಅಳತೆ ಸರಿಯಿದ್ದೂ ದೀಪ ಆರದಿದ್ದರೆ ಗಾಡಿಯನ್ನು ಮತ್ತೆ ಓಡಿಸಕೂಡದು, ಮೆಕಾನಿಕ್ಕೇ ಅಲ್ಲಿಗೆ ಬರಬೇಕು. ತಿರುವುಗಳಲ್ಲಿ ಮಾತ್ರ ಮಿಣುಕಿ ಆರುವ ದೀಪವನ್ನೂ ತಾತ್ಸಾರ ಮಾಡಬಾರದು. ಆಯಿಲ್ ಕಡಿಮೆಯಾಗಿ ಒಂದು ಕಡೆಗೆ ವಾಲುತ್ತಿದೆ ಎಂಬುದರ ಮೊದಲ ಗುರುತು ಅದು.

ಎರಡನೆಯದು ನೀರಿನಲ್ಲಿ ಅದ್ದಿದ ಉಷ್ಣಮಾಪಕದ ಚಿತ್ರ, ಎಂಜಿನ್ ಮಿತಿಮೀರಿ ಕಾದಿದೆ ಎಂಬ ಸೂಚನೆ. ಭಾರ ಹೊತ್ತು, ಕೆಳಗೇರಿನಲ್ಲಿ ನಿಧಾನವಾಗಿ ಘಾಟಿ ಹತ್ತುವ ಗಾಡಿಗೆ ಮುಂದಿನಿಂದ ಗಾಳಿ ಸಾಲದು, ಆದರೆ ಎಂಜಿನ್ನಿನ ದುಡಿಮೆ ಮಾತ್ರ ಹೆಚ್ಚು. ಎತ್ತರದ ಊರುಗಳಲ್ಲಿ ನೀರು ಬೇಗನೆ ಕುದಿಯುತ್ತದೆಂಬುದೂ ನೆನಪಿರಲಿ. ಸುಮಾರು ೨,೨೪೦ ಮೀಟರ್ ಎತ್ತರದ ಉದಗಮಂಡಲದಲ್ಲಿ ತೆರೆದ ಪಾತ್ರೆಯ ನೀರು ೯೩ ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡವನ್ನು ಹಿಡಿದಿಟ್ಟುಕೊಂಡು ಕುದಿಯದಂತೆ ನೋಡಿಕೊಳ್ಳುತ್ತದೆ. ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಹಾಗೆಯೇ. ಕುಕ್ಕರು ಕೂಗುತ್ತಿರುವಾಗ ಮುಚ್ಚಳ ತೆಗೆಯಲು ಯಾವ ತಾಯಿಯೂ ಹೋಗುವುದಿಲ್ಲ. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಷ್ಟೋ ಮಂದಿ ತೆರೆದು ಮುಖ, ಕೈ ಸುಟ್ಟುಕೊಳ್ಳುತ್ತಾರೆ. ಎಂಜಿನ್ ಆರಿಸಿ, ಕಡಿಮೆಯೆಂದರೆ ಅರ್ಧ ಗಂಟೆ ಕಾಯಿರಿ. ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಿರಿ. ಕಾದ ಎಂಜಿನ್ನಿಗೆ ತೊರೆಯ ತಣ್ಣೀರನ್ನು ಒಮ್ಮೆಲೇ ಸುರಿಯಬೇಡಿರಿ, ಲೋಹ ಬಿರಿಯಬಹುದು.

ಮೂರನೆಯದು ಬ್ಯಾಟರಿಯ ಚಿತ್ರ. ಇದು ಉರಿದಾಗ ಬ್ಯಾಟರಿ ಬದಲಿಸಲು ಹಣ ಹೊಂದಿಸುವ ಮುಂಚೆ ಬಾನೆಟ್ ಎತ್ತಿ ಬೆಲ್ಟನ್ನು ನೋಡಿರಿ. ಈ ದೀಪದ ಅರ್ಥ ಬ್ಯಾಟರಿಗೆ ಚಾರ್ಜ್ ಸೇರುತ್ತಿಲ್ಲ ಎಂದು. ಆಲ್ಟರ್ನೇಟರ್ ಕೆಟ್ಟಿರಬಹುದು, ಬೆಲ್ಟು ಸಡಿಲಾಗಿರಬಹುದು, ಇಲ್ಲವೇ ಕಡಿದುಹೋಗಿರಬಹುದು. ಬೆಲ್ಟು ಸರಿಯಾಗಿದ್ದು ಹಗಲಾಗಿದ್ದರೆ, ಬೇಡದ ದೀಪ, ರೇಡಿಯೋ ಎಲ್ಲವನ್ನೂ ಆರಿಸಿ ಸಮೀಪದ ವರ್ಕ್‌ಶಾಪಿನವರೆಗೆ ಹೋಗಬಹುದು. ಆದರೆ ಅನೇಕ ಗಾಡಿಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಅದು ಕಡಿದಿದ್ದರೆ ಎಂಜಿನ್ ಬೇಗನೆ ಕಾಯುತ್ತದೆ, ಮುಂದೆ ಹೋಗಬಾರದು. ರಾತ್ರಿಯಲ್ಲಾದರೆ ಮುಂದಿನ ದೀಪಗಳೇ ಮಂಕಾಗಿ, ಮಂಜಿನ ನಡುವೆ ದಾರಿ ಕಾಣದೆ ನಿಲ್ಲಬೇಕಾದೀತು.

ನಾಲ್ಕನೆಯದು ನಮ್ಮ ದಾರಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ, ಅಕ್ಕಪಕ್ಕದಲ್ಲಿ ಕಮಾನುಗಳು: ಇದು ಬ್ರೇಕಿನ ದೀಪ. ಹ್ಯಾಂಡ್‌ಬ್ರೇಕನ್ನು ಪೂರ್ತಿ ಬಿಟ್ಟಿದೆಯೇ ಎಂದು ಮೊದಲು ನೋಡಿರಿ. ಬಿಟ್ಟಿದ್ದೂ ದೀಪ ಆರದಿದ್ದರೆ ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಎರಡು ಗೆರೆಗಳ ನಡುವೆ ಆಯಿಲ್ ಇದೆಯೇ ನೋಡಿರಿ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಬ್ರೇಕ್ ಪ್ಯಾಡುಗಳು ಸವೆದಿವೆ. ಬರಿದೆ ಆಯಿಲ್ ತುಂಬಿಸಿದರೆ ದೀಪ ಆರಬಹುದು, ಸೋರಿಕೆ ಆರುವುದಿಲ್ಲ. ಉದಗಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯಲ್ಲಿ ೩೬ ಹೇರ್‌ಪಿನ್ ತಿರುವುಗಳಿವೆ. ವಯನಾಡಿನಿಂದ ಕೋಳಿಕ್ಕೋಡಿನ ಕಡೆಗೆ ಇಳಿಯುವ ತಾಮರಶ್ಶೇರಿ ಚುರದಲ್ಲಿ ೯. ಇಂತಹ ದಾರಿಗಳ ತಲೆಯಲ್ಲಿ ನಿಂತು ಕೆಂಪು ಬ್ರೇಕ್ ದೀಪವನ್ನು ಕಂಡೂ ಇಳಿಯತೊಡಗುವವನಿಗೆ ಧೈರ್ಯಶಾಲಿ ಎಂದು ಹೆಸರಿಡಬಾರದು.

ಹಳದಿ ದೀಪ ಮತ್ತು ಹೊಸ ಗಾಡಿಗಳು

ಹಳದಿ ದೀಪಗಳಿಗೆ ಇಷ್ಟು ಗಾಬರಿ ಬೇಡ, ಆದರೆ ತಿಂಗಳುಗಟ್ಟಲೆ ಸಾಕಿಕೊಳ್ಳುವುದೂ ಬೇಡ. ಎಂಜಿನ್ನಿನ ಚಿತ್ರ ಸ್ಥಿರವಾಗಿ ಉರಿದರೆ ನಿಧಾನವಾಗಿ ಓಡಿಸಿ ವರ್ಕ್‌ಶಾಪಿನಲ್ಲಿ ತೋರಿಸಬೇಕು. ಪೆಟ್ರೋಲ್ ಗಾಡಿಯಲ್ಲಿ ಅದು ಮಿಣಮಿಣ ಎಂದು ಮಿಟುಕಿದರೆ ಪೆಟ್ರೋಲ್ ಸರಿಯಾಗಿ ಉರಿಯದೆ ಹೊಗೆಯ ಕೊಳವೆಗೆ ಹೋಗುತ್ತಿರಬಹುದು. ವೇಗ ತಗ್ಗಿಸಿ ನಿಲ್ಲಿಸುವುದೇ ಲೇಸು. ಎ.ಬಿ.ಎಸ್. ಎಂಬ ಅಕ್ಷರಗಳು ಮಾತ್ರ ಉರಿದರೆ ಸಾಮಾನ್ಯವಾಗಿ ಬ್ರೇಕು ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರದಂತೆ ತಡೆಯುವ ಸಹಾಯ ಸಿಗುವುದಿಲ್ಲ. ಅದರ ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿದರೆ ಗಾಡಿ ನಿಲ್ಲಬೇಕು.

ಡೀಸೆಲ್ ಗಾಡಿಗಳಲ್ಲಿ ಸುರುಳಿಯ ಚಿತ್ರವೊಂದಿದೆ. ಚಳಿಯ ಬೆಳಗಿನಲ್ಲಿ ಕೀಲಿ ತಿರುಗಿಸಿದಾಗ ಅದು ಉರಿದು ಆರುವ ತನಕ ಕಾದು ಸ್ಟಾರ್ಟ್ ಮಾಡಬೇಕು; ಅದು ದೋಷವಲ್ಲ. ಡೀಸೆಲಿನಲ್ಲಿ ನೀರು ಸೇರಿದಾಗ ಉರಿಯುವ ದೀಪವೂ ಕೆಲವು ಗಾಡಿಗಳಲ್ಲಿದೆ. ಮಳೆಗಾಲದಲ್ಲಿ ಬ್ಯಾರಲಿನಿಂದ ಡೀಸೆಲ್ ಹಾಕುವ ಕಡೆಗಳಲ್ಲಿ ಇದನ್ನು ಗಮನಿಸಬೇಕು. ಫಿಲ್ಟರಿನ ಕೆಳಗಿನ ತಿರುಪನ್ನು ಬಿಚ್ಚಿ ನೀರು ಇಳಿಸದೆ ಓಡಿಸಿದರೆ ಪಂಪು, ನಾಜಲು ಕೆಡುತ್ತವೆ.

೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಿ.ಎಸ್. ೬ ನಿಯಮದ ಡೀಸೆಲ್ ಗಾಡಿಗಳು ತೋಟದ ದಾರಿಗೆ ಹೊಸ ತೊಂದರೆಯೊಂದನ್ನು ತಂದಿವೆ. ಅವುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರು ಇರುತ್ತದೆ. ಆ ಮಸಿ ಉರಿದುಹೋಗಬೇಕಾದರೆ ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ, ಬಿಸಿಯಾಗಿ ಓಡಬೇಕು. ಲೈನು ಮನೆಯಿಂದ ಮಲೆಗೆ, ಮಲೆಯಿಂದ ಫ್ಯಾಕ್ಟರಿಗೆ ಎಂದು ದಿನವಿಡೀ ಎರಡನೇ ಗೇರಿನಲ್ಲೇ ತೆವಳುವ ಪಿಕಪ್ಪಿಗೆ ಅಂತಹ ಓಟ ಸಿಗುವುದಿಲ್ಲ. ಫಿಲ್ಟರು ಕಟ್ಟುತ್ತದೆ, ಹಳದಿ ದೀಪ ಉರಿಯುತ್ತದೆ, ಕೊನೆಗೆ ಎಂಜಿನ್ ತನ್ನ ಶಕ್ತಿಯನ್ನೇ ತಗ್ಗಿಸಿಕೊಳ್ಳುತ್ತದೆ. ಆ ದೀಪ ಕಂಡಾಗ ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿ ಬರಬೇಕು. ಇದನ್ನು ಅರಿಯದ ರೈಟರು "ಡೀಸೆಲ್ ಸುಟ್ಟು ಎಲ್ಲಿ ತಿರುಗಲು ಹೋಗಿದ್ದೆ?" ಎಂದು ಡ್ರೈವರನನ್ನು ಗದರಿಸಿದರೆ ಅದು ಅನ್ಯಾಯ.

ದೀಪವಿಲ್ಲದ ಅಪಾಯಗಳು

ದೀಪ ಉರಿಯದಿದ್ದರೆ ಎಲ್ಲವೂ ಕ್ಷೇಮವೆಂದೂ ತಿಳಿಯಬಾರದು. ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಇಳಿದರೆ ಬ್ರೇಕುಗಳು ಕೆಂಡದಂತಾಗುತ್ತವೆ. ಬ್ರೇಕ್ ಆಯಿಲ್ ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಾಗೆ ಹಳತಾದ ಆಯಿಲ್ ಬಿಸಿಗೆ ಕುದಿದರೆ ಪೆಡಲು ಮೆತ್ತಗೆ ಒಳಗೆ ಇಳಿದುಹೋಗುತ್ತದೆ. ಇದಕ್ಕೆ ಮುಂಚಿತವಾಗಿ ಉರಿಯುವ ದೀಪ ಸಾಮಾನ್ಯ ಗಾಡಿಗಳಲ್ಲಿ ಇಲ್ಲ. ಸುಟ್ಟ ವಾಸನೆಯೇ ಇಲ್ಲಿ ಎಚ್ಚರಿಕೆ, ಅದು ಹಿಂದೆ ಕುಳಿತವರ ಮೂಗಿಗೂ ಬಡಿಯುತ್ತದೆ. ಹಾಗೆ ವಾಸನೆ ಬಂದರೆ ಹೆಣ್ಣುಮಕ್ಕಳು ಸಂಕೋಚಪಡದೆ "ಅಣ್ಣಾ, ಸ್ವಲ್ಪ ನಿಲ್ಲಿಸಿ ನೋಡಿ" ಎನ್ನಬೇಕು. ಘಾಟಿ ಹತ್ತಲು ಯಾವ ಗೇರು ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಹಳೆಯ ಡ್ರೈವರುಗಳ ಪಾಠ. ಅದಕ್ಕೆ ಇಂದಿಗೂ ಬೆಲೆ ಕುಂದಿಲ್ಲ. ಸವೆದ ಟೈರಿಗೂ, ಮಿತಿಮೀರಿ ತುಂಬಿದ ಜನಕ್ಕೂ ನಮ್ಮ ಜೀಪುಗಳಲ್ಲಿ ಕೆಂಪು ದೀಪವಿಲ್ಲ. ಅಲ್ಲಿ ನಮ್ಮ ಕಣ್ಣೇ ದೀಪವಾಗಬೇಕು.

ನಿಲ್ಲಿಸಿದವನಿಗೆ ನಷ್ಟವಾಗಬಾರದು

ಇಷ್ಟೆಲ್ಲ ಡ್ರೈವರುಗಳಿಗೆ ತಿಳಿಯದೆಂದಲ್ಲ. ಹೆಚ್ಚಿನವರಿಗೆ ತಿಳಿದಿದೆ. ಹಾಗಿದ್ದರೂ ಏಕೆ ನಿಲ್ಲಿಸುವುದಿಲ್ಲ? ಟ್ರಿಪ್ಪಿನ ಲೆಕ್ಕದಲ್ಲಿ ಹಣ ಪಡೆಯುವವನು ನಿಂತರೆ ಆ ಟ್ರಿಪ್ಪು ಹೋಯಿತು. ಸಾಲ ಮಾಡಿ ಜೀಪು ಕೊಂಡವನಿಗೆ ಕಂತಿನ ದಿನ ಕಣ್ಣೆದುರಿಗಿದೆ. ಸಂಬಳದ ಡ್ರೈವರನಿಗೆ ಬೈಗುಳದ ಭಯ. ಇತ್ತ ಹಿಂದೆ ಕುಳಿತ ನಾವೂ "ಹೋಗಿ ಅಣ್ಣಾ, ಹಾಜರಿ ತಪ್ಪಿದರೆ ಅರ್ಧ ದಿನ ಹೋಗುತ್ತದೆ" ಎಂದು ಅವಸರ ಮಾಡುತ್ತೇವೆ. ದೀಪ ನಿಲ್ಲು ಎನ್ನುತ್ತದೆ, ಅವನ ಸುತ್ತಲಿರುವವರೆಲ್ಲರೂ ಹೋಗು ಎನ್ನುತ್ತಾರೆ. ಹಾಗಿರುವಾಗ ಅನಾಹುತದ ಮರುದಿನ ಅವನೊಬ್ಬನನ್ನೇ ತಪ್ಪಿತಸ್ಥನೆಂದು ತೋರಿಸುವುದು ಸುಲಭ, ನ್ಯಾಯವಲ್ಲ.

"ಈ ದೀಪಗಳು ಸುಮ್ಮಸುಮ್ಮನೆ ಉರಿಯುತ್ತವೆ, ಮಳೆಯಲ್ಲಿ ವೈರು ನೆಂದರೂ ಉರಿಯುತ್ತವೆ, ನಂಬಿ ನಿಲ್ಲಿಸಿದರೆ ವರ್ಕ್‌ಶಾಪಿನವನು ಮಾತ್ರ ಉದ್ಧಾರ" ಎಂದು ಮಾಲೀಕರು ಹೇಳುವುದುಂಟು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಸೆನ್ಸರು ಕೆಡುವುದೂ ಉಂಟು, ವೈರಿನ ದೋಷವೂ ಉಂಟು. ಆದರೆ ಸುಳ್ಳೋ ನಿಜವೋ ಎಂದು ತಿಳಿಯುವ ದಾರಿ ನಿಲ್ಲಿಸಿ ನೋಡುವುದೇ ಹೊರತು ಓಡಿಸಿ ನೋಡುವುದಲ್ಲ. ಡಿಪ್‌ಸ್ಟಿಕ್ ಎಳೆದು ನೋಡಲು, ಬ್ರೇಕ್ ಆಯಿಲಿನ ಗೆರೆ ನೋಡಲು, ಬೆಲ್ಟು ಮುಟ್ಟಿ ನೋಡಲು ಒಂದು ಕಾಸೂ ಬೇಡ. ನಾಯಿ ಹತ್ತು ಸಲ ಸುಮ್ಮನೆ ಬೊಗಳಿತೆಂದು ಅದರ ಬಾಯಿ ಕಟ್ಟಿದರೆ, ಹನ್ನೊಂದನೆಯ ರಾತ್ರಿ ಕಳ್ಳ ಬಂದಾಗ ಎಬ್ಬಿಸುವವರಾರು? ಸೆನ್ಸರು ಕೆಟ್ಟಿದ್ದರೆ ಸೆನ್ಸರನ್ನೇ ಬದಲಿಸಲಿ, ದೀಪವನ್ನು ಕುರುಡಾಗಿಸುವುದು ಬೇಡ.

ಕಾನೂನೂ ಈ ಹೊಣೆಯನ್ನು ಡ್ರೈವರನೊಬ್ಬನ ತಲೆಗೆ ಕಟ್ಟಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೯೦ನೆಯ ಕಲಮು, ಅಪಾಯಕಾರಿಯಾದ ದೋಷವಿದೆಯೆಂದು ತಿಳಿದೋ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯಬಹುದಾಗಿದ್ದ ದೋಷವಿದ್ದೋ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವನನ್ನು ಮಾತ್ರವಲ್ಲದೆ, ಓಡಿಸುವಂತೆ ಮಾಡುವವನನ್ನೂ ಓಡಿಸಲು ಬಿಡುವವನನ್ನೂ ಅಪರಾಧಿಯೆಂದು ಎಣಿಸುತ್ತದೆ. ಉರಿಯುತ್ತಿರುವ ಕೆಂಪು ದೀಪವನ್ನು ಡ್ರೈವರನು ಬಂದು ತಿಳಿಸಿದ ಮೇಲೂ "ಈವತ್ತು ಓಡಿಸು, ನಾಳೆ ನೋಡೋಣ" ಎನ್ನುವ ಮಾಲೀಕನು ಈ ಮಾತನ್ನು ಒಮ್ಮೆ ಓದಿಕೊಳ್ಳಲಿ.

ಹಾಗಾದರೆ ನಾವು ಕೇಳಬೇಕಾದದ್ದೇನು? ಮೂರೇ ಸಂಗತಿಗಳು, ಮೂರೂ ದೊಡ್ಡ ಖರ್ಚಿನವಲ್ಲ. ಮೊದಲನೆಯದಾಗಿ, ಕೆಂಪು ದೀಪಕ್ಕಾಗಿ ಗಾಡಿ ನಿಂತ ದಿನ ಡ್ರೈವರನ ಕೂಲಿಯನ್ನಾಗಲಿ, ತಡವಾಗಿ ಬಂದ ಆಳುಗಳ ಹಾಜರಿಯನ್ನಾಗಲಿ ಕಡಿಯಬಾರದು. ಇದನ್ನು ತೋಟದ ಆಡಳಿತದೊಂದಿಗೆ, ಬಾಡಿಗೆ ಜೀಪಾದರೆ ಕಂಟ್ರಾಕ್ಟುದಾರರೊಂದಿಗೆ ಮುಂಚೆಯೇ ಮಾತಾಡಿ ಬರವಣಿಗೆಯಲ್ಲಿ ಪಡೆಯಬೇಕು. ಎರಡನೆಯದಾಗಿ, ಪ್ರತಿ ಗಾಡಿಯಲ್ಲೂ ಒಂದು ನೋಟುಪುಸ್ತಕವಿರಲಿ. ಯಾವ ದಿನ ಯಾವ ದೀಪ ಉರಿಯಿತು, ಯಾರಿಗೆ ತಿಳಿಸಲಾಯಿತು, ಏನು ರಿಪೇರಿಯಾಯಿತು ಎಂದು ಎರಡು ಸಾಲು ಬರೆದು ಸಹಿ ಹಾಕಿದರೆ ಸಾಕು. ಬಾಯಿಮಾತನ್ನು ಮರುದಿನ ಅಲ್ಲಗಳೆಯಬಹುದು, ಬರೆದದ್ದನ್ನು ಅಲ್ಲಗಳೆಯುವುದು ಕಷ್ಟ. ಮೂರನೆಯದಾಗಿ, ನಮ್ಮ ವಾರದ ಕೂಟಗಳಲ್ಲಿ ಒಂದು ಸಂಜೆ ಅನುಭವಿ ಡ್ರೈವರೊಬ್ಬರನ್ನು ಕರೆದು, ಗಾಡಿಯನ್ನೇ ಅಂಗಳಕ್ಕೆ ತಂದು, ಕೀಲಿ ತಿರುಗಿಸಿ ಈ ದೀಪಗಳನ್ನು ಹೆಂಗಸರಿಗೂ ಮಕ್ಕಳಿಗೂ ತೋರಿಸಬೇಕು. ಲೈನು ಮನೆಗಳಿಂದ ಹೋಗಿ ಊರೂರುಗಳಲ್ಲಿ ಟ್ಯಾಕ್ಸಿ, ಪಿಕಪ್ಪು ಓಡಿಸುತ್ತಿರುವ ನಮ್ಮ ಹುಡುಗರಿಗೂ ಇದರಿಂದ ಪ್ರಯೋಜನವುಂಟು.

ಹೊತ್ತು ತಪ್ಪಿ ತಲಪಿದ ಗಾಡಿಗೆ ಸಿಗುವುದು ಒಂದು ಗದರಿಕೆ. ತಲಪದೇ ಹೋದ ಗಾಡಿಗಾಗಿ ಕಾಯುವ ಮನೆಯವರ ಸಂಕಟಕ್ಕೆ ಅಳತೆಯಿಲ್ಲ. ಇವೆರಡನ್ನೂ ತೂಗಿ ನೋಡುವ ವಿವೇಕ ಮಾಲೀಕರಿಗೂ ಮೇಸ್ತ್ರಿಗಳಿಗೂ ಬರಲಿ, ಅವಸರ ಮಾಡುವ ನಮಗೂ ಬರಲಿ. ದೀಪ ಉರಿದಾಗ ನಿಲ್ಲಿಸುವ ಡ್ರೈವರನನ್ನು ಹೆದರುಪುಕ್ಕಲನೆಂದು ನಗುವುದನ್ನು ಬಿಟ್ಟು, ಅವನ ಪಕ್ಕದಲ್ಲಿ ಇಳಿದು ನಿಲ್ಲೋಣ. ಅವನು ನಮ್ಮ ಅರ್ಧ ದಿನದ ಕೂಲಿಗಿಂತ ನಮ್ಮ ಪ್ರಾಣವನ್ನು ದೊಡ್ಡದೆಂದು ಬಗೆದವನು.